ದೋಣಿಯ ಎಂಜಿನ್ ಯಾಕೆ ನಡುಗುತ್ತಿತ್ತು?



ಅರಸೀಕೆರೆಯ ಹುಡುಗನಿಗೂ ಸಮುದ್ರದ ದೋಣಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಊರಿನ ಹೆಸರಿನಲ್ಲಿ ಕೆರೆ ಇದೆ, ಆದರೆ ದೋಣಿ ಇಲ್ಲ. ಬೇಲೂರಿನಿಂದ ಬರುವ ಗೆಳೆಯರು ಯಗಚಿ ಜಲಾಶಯದಲ್ಲಿ ಮೋಟಾರು ದೋಣಿ ಓಡುವುದನ್ನು ನೋಡಿರುತ್ತಾರೆ. ಹಳೇಬೀಡಿನವರ ದ್ವಾರಸಮುದ್ರಕ್ಕೆ ಸಮುದ್ರ ಇರುವುದು ಹೆಸರಿನಲ್ಲಿ ಮಾತ್ರ. ಆದರೂ ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್‌ನ ಬಗ್ಗೆ ಬರೆಯಲು ಹೊರಟಿದ್ದೇನೆ. ಅದರೊಳಗೆ ಇರುವುದು ಯೆಜ್ಡಿಯಲ್ಲಿ, ಆರ್‌ಎಕ್ಸ್ 100ರಲ್ಲಿ, ತೆಂಗಿನ ತೋಟದ ಕಳೆ ಕೊಚ್ಚುವ ಯಂತ್ರದಲ್ಲಿ ಇರುವ ಟೂ-ಸ್ಟ್ರೋಕ್ ಎಂಜಿನ್ನೇ. ನನ್ನ ಅಬ್ಬ ಮೂವತ್ತು ವರ್ಷಗಳಿಂದ ಇವುಗಳನ್ನೇ ಬಿಚ್ಚಿ ಕಟ್ಟುತ್ತಿದ್ದಾರೆ. ಔಟ್‌ಬೋರ್ಡ್ ಎಂಜಿನ್ನನ್ನು ಮಾತ್ರ ಅವರು ಈ ಬಕ್ರೀದ್ ರಜೆಯವರೆಗೂ ಕಣ್ಣಿನಿಂದ ನೋಡಿರಲಿಲ್ಲ.

ನನ್ನ ಮಾಮು, ಅಂದರೆ ಅಮ್ಮಿಯ ಅಣ್ಣ, ಕುಂದಾಪುರದ ಪಕ್ಕದ ಗಂಗೊಳ್ಳಿಯಲ್ಲಿದ್ದಾರೆ. ಅವರದು ಒಂದು ನಾಡದೋಣಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ದಿನಗಳಲ್ಲಿ 10 ಅಶ್ವಶಕ್ತಿಯವರೆಗಿನ ಮೋಟಾರು ಕಟ್ಟಿದ ನಾಡದೋಣಿಗಳಿಗೆ ಮಾತ್ರ ಅವಕಾಶ. ದೊಡ್ಡ ದೋಣಿಗಳು ಬಂದರಿನಲ್ಲಿ ನಿಂತಿರುವ ಕಾಲದಲ್ಲಿ ಮೀನಿಗೆ ಬೆಲೆಯೂ ಚೆನ್ನಾಗಿರುತ್ತದೆ. ವರ್ಷದ ಗಳಿಕೆಯ ದೊಡ್ಡ ಪಾಲು ಈ ಎರಡು ತಿಂಗಳಿನದು. ಸರಿಯಾಗಿ ಆ ಹೊತ್ತಿಗೇ ಮಾಮುವಿನ ಎಂಜಿನ್ ಕೈಕೊಟ್ಟಿತ್ತು.

ಕಾಯಿಲೆ ಹೀಗಿತ್ತು: ಪೂರ್ತಿ ವೇಗದಲ್ಲಿ ಎಂಜಿನ್ ಚೆನ್ನಾಗಿ ಓಡುತ್ತದೆ. ವೇಗ ಇಳಿಸಿದ ಕೂಡಲೇ ನಡುಗುತ್ತದೆ, ಕೆಮ್ಮುತ್ತದೆ, ಗೇರ್ ಹಾಕಿದರೆ ಸತ್ತುಹೋಗುತ್ತದೆ. ಬೈಕ್ ಆದರೆ ರಸ್ತೆಯ ಬದಿಗೆ ನಿಲ್ಲಿಸಿ ಒದೆಯಬಹುದು. ದೋಣಿಯ ವಿಷಯ ಬೇರೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಅಲೆ ನೋಡಿಕೊಂಡು ವೇಗ ಇಳಿಸಿ ಕಾಯಬೇಕು, ಸಂದು ಸಿಕ್ಕಾಗ ಏರಿಸಬೇಕು. ಕಾಯುವ ಆ ಅರ್ಧ ನಿಮಿಷದಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಬಲೆ ಎಳೆಯುವಾಗ ನಿಂತರೆ ಬಲೆ ಹೋಗಿ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಒಮ್ಮೆ ಹಾಗೆ ಆಗಿಯೂ ಇತ್ತು. ಅಮ್ಮಿ ಫೋನಿನಲ್ಲಿ ಅತ್ತಿದ್ದು ಆ ದಿನವೇ.

ಅಲ್ಲಿ ನೋಡಿದ ಒಬ್ಬರು ಐಡ್ಲ್ ಸ್ಕ್ರೂ ಒಳಗೆ ತಿರುಗಿಸಿ ವೇಗ ಏರಿಸಿ ಕಳಿಸಿದ್ದರು. ಇನ್ನೊಬ್ಬರು ಪಿಸ್ಟನ್, ರಿಂಗ್ ಎರಡೂ ಹೋಗಿದೆ, ಎಂಜಿನ್ ಇಳಿಸಿ ಬಿಚ್ಚಬೇಕು ಎಂದು ಸಾವಿರಾರು ರೂಪಾಯಿ ಲೆಕ್ಕ ಹೇಳಿದ್ದರು. ಅಬ್ಬ ಫೋನಿನಲ್ಲಿ ಎಂಜಿನ್ ಸದ್ದು ಕೇಳಿಸಿಕೊಂಡು, “ಬಿಚ್ಚಬೇಡಿ ಭಾಯ್, ನಾನು ಬರುತ್ತೇನೆ” ಅಂದರು. ಸ್ಪ್ಯಾನರ್ ಪೆಟ್ಟಿಗೆ, ಕಂಪ್ರೆಷನ್ ಗೇಜ್ ಹಿಡಿದು ಹಾಸನ, ಶಿರಾಡಿ ಘಾಟಿ ದಾಟಿ ಬಸ್ಸಿನಲ್ಲಿ ಹೋದೆವು. ನಾನು ಮೊದಲ ಪಿಯುಸಿ ಭೌತಶಾಸ್ತ್ರದಲ್ಲಿ ಬರ್ನೂಲಿಯ ತತ್ತ್ವ ಮುಗಿಸಿದ್ದವನು, ಕಾರಣ ಕಂಡುಹಿಡಿಯುವವನು ನಾನೇ ಎಂಬ ಧೈರ್ಯದಲ್ಲಿದ್ದೆ.

ಮುಂದೆ ಹೋಗುವ ಮೊದಲು ಎಂಜಿನ್ ಕೆಲಸ ಮಾಡುವ ಬಗೆ ಸ್ವಲ್ಪ ಹೇಳಬೇಕು. ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಂದು ಸಲ ಬೆಂಕಿ. ಟೂ-ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಬೆಂಕಿ. ಹೊಸ ಮಿಶ್ರಣವನ್ನು ಒಳಗೆ ತಳ್ಳಲು ಇಲ್ಲಿ ಬೇರೆ ಪಂಪ್ ಇಲ್ಲ, ಪಿಸ್ಟನ್ನಿನ ಕೆಳಭಾಗವೇ ಪಂಪ್. ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಕಡಿಮೆಯಾಗಿ ಗಾಳಿ, ಇಂಧನ, ಎಣ್ಣೆಯ ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಆ ಮಿಶ್ರಣ ಒತ್ತಿ, ಪಕ್ಕದ ದಾರಿಯಿಂದ ಸಿಲಿಂಡರಿಗೆ ಏರಿ, ಸುಟ್ಟ ಹೊಗೆಯನ್ನು ಹೊರದೂಡುತ್ತದೆ. ಇಂಗ್ಲೆಂಡಿನ ಜೋಸೆಫ್ ಡೇ 1891ರ ಸುಮಾರಿಗೆ ರೂಪಿಸಿದ ಈ ಉಪಾಯವೇ ಇಂದಿಗೂ ನಡೆಯುತ್ತಿದೆ. 1909ರಲ್ಲಿ ಅಮೆರಿಕದ ಓಲೆ ಎವಿನ್‌ರೂಡ್ ಮಾರಾಟಕ್ಕೆ ತಂದ ಔಟ್‌ಬೋರ್ಡ್ ಕೂಡ ಟೂ-ಸ್ಟ್ರೋಕ್. ಬೇಸಿಗೆಯ ದಿನ ಕೆರೆಯ ಆಚೆಯಿಂದ ಹುಟ್ಟು ಹಾಕಿಕೊಂಡು ಐಸ್‌ಕ್ರೀಮ್ ತರುವಷ್ಟರಲ್ಲಿ ಅದು ಕರಗಿಹೋಯಿತು, ಅದರಿಂದ ಅವನಿಗೆ ಮೋಟಾರಿನ ಯೋಚನೆ ಬಂತು ಎಂದು ಕಥೆ ಹೇಳುತ್ತಾರೆ. ನಿಜವೋ ಸುಳ್ಳೋ, ಕಥೆ ಚೆನ್ನಾಗಿದೆ.

ಕ್ರ್ಯಾಂಕ್‌ಕೇಸಿಗೆ ಬಂದ ಮಿಶ್ರಣ ವಾಪಸ್ಸು ಕಾರ್ಬೊರೇಟರಿಗೆ ಹೋಗಬಾರದಲ್ಲ? ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಲ್ಲಿ ಪಿಸ್ಟನ್ನಿನ ಅಂಚೇ ಬಾಗಿಲು ಮುಚ್ಚುತ್ತದೆ. ಆರ್‌ಎಕ್ಸ್ 100ರಲ್ಲಿ, ಹೆಚ್ಚಿನ ಔಟ್‌ಬೋರ್ಡ್‌ಗಳಲ್ಲಿ ರೀಡ್ ವಾಲ್ವ್ ಇರುತ್ತದೆ. ಹಾರ್ಮೋನಿಯಂ ಒಳಗಿನ ಪಟ್ಟಿಯಂಥ ತೆಳು ಎಸಳುಗಳು ಗಾಳಿ ಒಳಗೆ ಬರುವಾಗ ಬಾಗಿ ತೆರೆಯುತ್ತವೆ, ಹಿಂದೆ ಒತ್ತಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಈ ಎಸಳನ್ನು ನೆನಪಿಡಿ.

ಗಂಗೊಳ್ಳಿಯಲ್ಲಿ ನಾವು ಎಂಜಿನ್ನನ್ನು ದೋಣಿಯಿಂದ ಇಳಿಸಿ, ಮನೆಯ ಹಿಂದೆ ಬಯಲಿನಲ್ಲಿ ಮರದ ಅಡ್ಡಪಟ್ಟಿಗೆ ಬಿಗಿದು, ಅದರ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿದೆವು. ಪ್ರೊಪೆಲ್ಲರ್ ಕಳಚಿಟ್ಟೆವು. ನೀರಿಲ್ಲದೆ ಈ ಎಂಜಿನ್ನನ್ನು ಓಡಿಸಲೇಬಾರದು. ತಂಪು ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ಒಣಗಿ ತಿರುಗಿದರೆ ಬಹಳ ಬೇಗ ಸುಟ್ಟುಹೋಗುತ್ತದೆ. ಮುಚ್ಚಿದ ಶೆಡ್ಡಿನಲ್ಲೂ ಓಡಿಸಬಾರದು, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಪಕ್ಕದ ಮನೆಯ ಮೀನುಗಾರರು ಬೇಲಿಯಿಂದಲೇ “ಎಂತ ಮರಾಯ್ರೆ, ಡ್ರಮ್ಮಲ್ಲಿ ಮೀನ್ ಹಿಡೀತ್ರಿಯಾ?” ಎಂದು ನಕ್ಕರು.

ಎಂಜಿನ್ ಚಾಲೂ ಆಯಿತು. ವೇಗ ಇಳಿಸಿದ ಕೂಡಲೇ ಇಡೀ ಅಡ್ಡಪಟ್ಟಿ ಕುಣಿಯಿತು. ನಾನು ಅಬ್ಬ ಸ್ಪ್ಯಾನರ್ ತರಲು ಒಳಗೆ ಹೋದ ಹೊತ್ತಿನಲ್ಲಿ ಕಾರ್ಬೊರೇಟರಿನ ಮಿಶ್ರಣದ ಸ್ಕ್ರೂ ಹಿಡಿದು ಒಂದಿಷ್ಟು ಆಚೆ, ಒಂದಿಷ್ಟು ಈಚೆ ತಿರುಗಿಸಿದೆ. ಎಂಜಿನ್ ನಿಂತೇಹೋಯಿತು. ಮತ್ತೆ ಮೊದಲಿನ ಜಾಗಕ್ಕೆ ತರೋಣವೆಂದರೆ ಮೊದಲಿನ ಜಾಗ ಯಾವುದು?

ಅಬ್ಬ ಬಂದು ನೋಡಿದರು. “ಎಷ್ಟು ಸುತ್ತು ತಿರುಗಿಸಿದೆ?”

“ಗೊತ್ತಿಲ್ಲ.”

“ಹಾಗಾದರೆ ಈಗ ಎರಡು ಕಾಯಿಲೆ. ಒಂದು ಎಂಜಿನ್ನಿನದು, ಒಂದು ನಿನ್ನದು.”

ಮಾಮು ನಕ್ಕರು, ನನಗೆ ನಗು ಬರಲಿಲ್ಲ. ಸ್ಕ್ರೂ ಮುಟ್ಟುವ ಮೊದಲು ಅದನ್ನು ಹಗುರವಾಗಿ ಪೂರ್ತಿ ಮುಚ್ಚುತ್ತಾ ಎಷ್ಟು ಸುತ್ತು ಎಂದು ಎಣಿಸಬೇಕು, ಬರೆದಿಟ್ಟುಕೊಳ್ಳಬೇಕು, ಆಮೇಲೆ ತೆರೆಯಬೇಕು. ಬಿಗಿಯಾಗಿ ಮುಚ್ಚಿದರೆ ಸೂಜಿಯ ತುದಿ ಹಾಳಾಗುತ್ತದೆ. ಅಬ್ಬ ಅದನ್ನು ಒಂದೂವರೆ ಸುತ್ತಿಗೆ ಇಟ್ಟು ಎಂಜಿನ್ ಚಾಲೂ ಮಾಡಿದರು. ಅನೇಕ ಕಾರ್ಬೊರೇಟರ್‌ಗಳಿಗೆ ಇದು ಆರಂಭಕ್ಕೆ ಸಾಕು, ನಿಖರ ಅಳತೆ ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಮೊದಲಿನ ನಡುಕ ಹಾಗೇ ಇತ್ತು. ಅಂದರೆ ನನ್ನ ಕಾಯಿಲೆ ವಾಸಿಯಾಯಿತು, ಎಂಜಿನ್ನಿನದು ಉಳಿಯಿತು.

ಆದರೂ ನಾನು ನನ್ನ ಸಿದ್ಧಾಂತ ಬಿಡಲಿಲ್ಲ. ಅದು ತೀರಾ ಮೂರ್ಖತನದ್ದೂ ಅಲ್ಲ, ಆದ್ದರಿಂದ ಹೇಳುತ್ತೇನೆ. ಕಾರ್ಬೊರೇಟರಿನ ಕಿರಿದಾದ ಕುತ್ತಿಗೆಯಲ್ಲಿ ಗಾಳಿ ವೇಗವಾಗಿ ಹರಿದಾಗ ಅಲ್ಲಿ ಒತ್ತಡ ಇಳಿಯುತ್ತದೆ, ಮುಖ್ಯ ಜೆಟ್ಟಿನಿಂದ ಇಂಧನ ಮೇಲೇರುತ್ತದೆ. ಇದು ಬರ್ನೂಲಿ. ಆದರೆ ಐಡ್ಲಿಂಗಿನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಕುತ್ತಿಗೆಯಲ್ಲಿ ಗಾಳಿ ನಿಧಾನ, ಮುಖ್ಯ ಜೆಟ್ ಕೆಲಸ ಮಾಡುವುದಿಲ್ಲ. ಆಗ ಥ್ರಾಟಲ್ ತಟ್ಟೆಯ ಎಂಜಿನ್ ಬದಿಯಲ್ಲಿರುವ ಸಣ್ಣ ತೂತಿನಿಂದ ಪೈಲಟ್ ಜೆಟ್ ಮೂಲಕ ಇಂಧನ ಬರುತ್ತದೆ. ಆ ತೂತು ಕೂದಲಿನಷ್ಟು ಸಣ್ಣದು. ಸೀಮೆಎಣ್ಣೆಯ ಅಂಟು, ಉಪ್ಪು, ಧೂಳು ಯಾವುದಾದರೂ ಕಟ್ಟಬಹುದು. ಪೂರ್ತಿ ವೇಗದಲ್ಲಿ ಸರಿ, ಐಡ್ಲಿಂಗಿನಲ್ಲಿ ಕೆಟ್ಟದು ಎಂದರೆ ಪೈಲಟ್ ಜೆಟ್ ಕಟ್ಟಿದೆ. ನನ್ನ ವಾದ ಇಷ್ಟೇ.

ಅಬ್ಬ ಇದನ್ನು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಇದರಲ್ಲಿ ಕಾರ್ಬೊರೇಟರ್ ಎಷ್ಟು, ಸಿಲಿಂಡರ್ ಎಷ್ಟು?”

ಕಾರ್ಬೊರೇಟರ್ ಒಂದು, ಸಿಲಿಂಡರ್ ಎರಡು, ಒಂದರ ಮೇಲೊಂದು. ಜೆಟ್ ಕಟ್ಟಿದ್ದರೆ ಎರಡೂ ಸಿಲಿಂಡರ್ ಹಸಿದಿರಬೇಕು. ಎರಡೂ ಹಸಿದಿವೆಯೋ ಒಂದೇ ನರಳುತ್ತಿದೆಯೋ ಎಂಬುದನ್ನು ನಾನು ನೋಡಿಯೇ ಇರಲಿಲ್ಲ.

ಅಲ್ಲಿಂದ ಅಬ್ಬ ಶುರು ಮಾಡಿದ್ದು ಇಂಧನದಿಂದ. ನಾಡದೋಣಿಗಳ ಎಂಜಿನ್ ಸಾಮಾನ್ಯವಾಗಿ ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಗುತ್ತದೆ. ಪೆಟ್ರೋಲ್ ಚಳಿಯಲ್ಲೂ ಆವಿಯಾಗುತ್ತದೆ, ಸೀಮೆಎಣ್ಣೆ ಕುದಿಯುವುದು ಸುಮಾರು 150ರಿಂದ 300 ಡಿಗ್ರಿ ಸೆಲ್ಸಿಯಸ್ ನಡುವೆ. ಆದ್ದರಿಂದ ದಡ ಮುಟ್ಟುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಉಳಿಯುವಂತೆ ಮಾಡಿ ನಿಲ್ಲಿಸಬೇಕು. ಸೀಮೆಎಣ್ಣೆಯಲ್ಲಿ ಐಡ್ಲಿಂಗ್ ಯಾವತ್ತೂ ಸ್ವಲ್ಪ ಒರಟೇ. ಹಾಗಾಗಿ ಮೊದಲ ಪರೀಕ್ಷೆ: ಶುದ್ಧ ಹೊಸ ಪೆಟ್ರೋಲಿಗೆ ಸರಿಯಾದ ಅಳತೆಯ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿ, ಬೇರೆ ಡಬ್ಬಿಯಿಂದ ಓಡಿಸುವುದು. ಹಾಗೆ ಮಾಡಿದೆವು. ನಡುಕ ಹೋಗಲಿಲ್ಲ. ಹಳೆಯ ಟ್ಯಾಂಕಿನ ತಳದ ಸೀಮೆಎಣ್ಣೆಯನ್ನು ಗಾಜಿನ ಬಾಟಲಿಗೆ ಬಿಟ್ಟು ನೋಡಿದಾಗ ತಳದಲ್ಲಿ ಬೆರಳಗಲ ನೀರು ನಿಂತಿತ್ತು. ಅದನ್ನು ಚೆಲ್ಲಿ ಟ್ಯಾಂಕ್ ತೊಳೆದೆವು. ಅದೊಂದು ತಪ್ಪೇ, ಆದರೆ ನಾವು ಹುಡುಕುತ್ತಿದ್ದ ತಪ್ಪಲ್ಲ. ಎಂಜಿನ್ ಓಡುತ್ತಿರುವಾಗ ಇಂಧನ ಕೊಳವೆಯ ನಡುವಿನ ರಬ್ಬರ್ ಬಲ್ಬ್ ಹಿಸುಕಿ ನೋಡಿದೆವು. ಇಂಧನ ಪಂಪ್ ದುರ್ಬಲವಾಗಿದ್ದರೆ ಹಿಸುಕಿದಾಗ ಚೇತರಿಸಿಕೊಳ್ಳುತ್ತದೆ. ಇಲ್ಲಿ ಏನೂ ಬದಲಾಗಲಿಲ್ಲ.

ಆಮೇಲೆ ಪ್ಲಗ್. ಕೆಳಗಿನ ಸಿಲಿಂಡರಿನ ಪ್ಲಗ್ ಒಣಗಿ ಕಂದುಬಣ್ಣವಾಗಿತ್ತು. ಮೇಲಿನದು ಕಪ್ಪಗೆ, ಇಂಧನದಲ್ಲಿ ಒದ್ದೆ. ಒದ್ದೆ ಪ್ಲಗ್ ಕಂಡ ತಕ್ಷಣ ಹೊಸ ಪ್ಲಗ್ ಹಾಕುವವರೇ ಹೆಚ್ಚು. ಅಬ್ಬ ಹೊಸದು ಹಾಕಲಿಲ್ಲ. ಎರಡನ್ನೂ ಒರೆಸಿ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿ ಹತ್ತು ನಿಮಿಷ ಓಡಿಸಿದರು. ಮತ್ತೆ ಬಿಚ್ಚಿದಾಗ ಒದ್ದೆಯಾಗಿದ್ದುದು ಮೇಲಿನದೇ. ಪ್ಲಗ್ ಬದಲಾದರೂ ಕಾಯಿಲೆ ಜಾಗ ಬದಲಿಸಲಿಲ್ಲ, ಆದ್ದರಿಂದ ಪ್ಲಗ್ ನಿರಪರಾಧಿ. ಸುತ್ತಲಿನ ಇಂಧನ ಒರೆಸಿ ದೂರ ಇಟ್ಟು, ಪರೀಕ್ಷೆಯ ಗ್ಯಾಪಿನಲ್ಲಿ ಕಿಡಿ ನೋಡಿದೆವು. ಎರಡರಲ್ಲೂ ದಪ್ಪ ನೀಲಿ ಕಿಡಿ.

ಇನ್ನೊಂದು ಪರೀಕ್ಷೆ ನನಗೆ ಬಹಳ ಹಿಡಿಸಿತು. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಒಂದು ಸಿಲಿಂಡರಿನ ಕಿಡಿಯನ್ನು ನಿಲ್ಲಿಸಿ ನೋಡುವುದು. ಪ್ಲಗ್ಗಿನ ತಂತಿಯನ್ನು ಸುಮ್ಮನೆ ಕಿತ್ತು ಗಾಳಿಯಲ್ಲಿ ಬಿಡಬಾರದು, ಸಿಡಿಐ ಸುಡಬಹುದು. ಎಂಜಿನ್ ನಿಲ್ಲಿಸಿ, ತಂತಿಯನ್ನು ಎಂಜಿನ್ನಿನ ಲೋಹಕ್ಕೆ ಅರ್ಥ್ ಮಾಡಿ, ಆಮೇಲೆ ಚಾಲೂ ಮಾಡಬೇಕು. ಓಡುವಾಗ ಬರಿಗೈಯಲ್ಲಿ ಮುಟ್ಟಲೇಬೇಡಿ, ಸಾವಿರಾರು ವೋಲ್ಟ್ ಇರುತ್ತದೆ. ಕೆಳಗಿನದನ್ನು ನಿಲ್ಲಿಸಿದಾಗ ಎಂಜಿನ್ ಐಡ್ಲಿಂಗಿನಲ್ಲಿ ನಿಲ್ಲಲೇ ಇಲ್ಲ. ಮೇಲಿನದನ್ನು ನಿಲ್ಲಿಸಿದಾಗ ಮೊದಲಿನಂತೆಯೇ ನಡುಗುತ್ತಾ ಓಡಿತು, ಸದ್ದೇ ಬದಲಾಗಲಿಲ್ಲ! ಅಂದರೆ ಐಡ್ಲಿಂಗಿನಲ್ಲಿ ಮೇಲಿನ ಸಿಲಿಂಡರ್ ಕೆಲಸವೇ ಮಾಡುತ್ತಿರಲಿಲ್ಲ. ಇಷ್ಟು ದಿನ ಏರಿಸಿದ ಐಡ್ಲ್ ಸ್ಕ್ರೂ ಒಂದೇ ಸಿಲಿಂಡರಿನಿಂದ ಎಂಜಿನ್ನನ್ನು ಎಳೆಸುತ್ತಿತ್ತು. ಆದರೆ ವೇಗ ಏರಿಸಿದಾಗ ಮೇಲಿನ ಸಿಲಿಂಡರ್ ಎಚ್ಚರವಾಗುತ್ತಿತ್ತು, ಆಗ ಅದರ ತಂತಿ ತೆಗೆದರೆ ಶಕ್ತಿ ಇಳಿಯುವುದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ನಿಧಾನದಲ್ಲಿ ಸತ್ತು ವೇಗದಲ್ಲಿ ಬದುಕುವುದು ಹೇಗೆ? ರಾತ್ರಿ ಊಟವಾದ ಮೇಲೆ ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿದೆ. ನಿಮಿಷಕ್ಕೆ 750 ಸುತ್ತಿನ ಐಡ್ಲಿಂಗಿನಲ್ಲಿ ಒಂದು ಸುತ್ತಿಗೆ 60 ಭಾಗಿಸು 750, ಅಂದರೆ 0.08 ಸೆಕೆಂಡು. 5000 ಸುತ್ತಿನಲ್ಲಿ 0.012 ಸೆಕೆಂಡು. ಎಲ್ಲಾದರೂ ಸಣ್ಣ ಸೋರಿಕೆ ಇದ್ದರೆ, ಐಡ್ಲಿಂಗಿನಲ್ಲಿ ಪ್ರತಿ ಸುತ್ತಿಗೂ ಸೋರಲು ಆರು ಪಟ್ಟಿಗಿಂತ ಹೆಚ್ಚು ಸಮಯ ಸಿಗುತ್ತದೆ. ವೇಗದಲ್ಲಿ ಸೋರುವಷ್ಟರಲ್ಲಿ ಪಿಸ್ಟನ್ ತನ್ನ ಕೆಲಸ ಮುಗಿಸಿಬಿಡುತ್ತದೆ. ತೂತು ಬಿಂದಿಗೆಯನ್ನು ಬಾವಿಯಿಂದ ಓಡುತ್ತಾ ತಂದರೆ ಮನೆಗೆ ಒಂದಿಷ್ಟು ನೀರಾದರೂ ಬರುವಂತೆ. ಅಬ್ಬನಿಗೆ ತೋರಿಸಿದೆ. ಅವರು ಹೌದೆಂದು ತಲೆಯಾಡಿಸಿ, “ನಮಗೆ ಇದು ಲೆಕ್ಕವಿಲ್ಲದೆ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ” ಅಂದರು. ಪಿಯುಸಿ ಸೇರಿದ ಮೇಲೆ ಅವರಿಂದ ಸಿಕ್ಕ ದೊಡ್ಡ ಮೆಚ್ಚುಗೆ ಅದು.

ಸೋರಿಕೆ ಎಲ್ಲಿ? ಸೋರಬಹುದಾದ ಜಾಗ ಮೂರು. ಮೊದಲನೆಯದು ಪಿಸ್ಟನ್ ರಿಂಗ್. ಬೆಳಿಗ್ಗೆ ಕಂಪ್ರೆಷನ್ ಗೇಜ್ ಹಾಕಿ, ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಹಗ್ಗ ಎಳೆದು ನೋಡಿದೆವು. ಎರಡು ಸಿಲಿಂಡರಿನ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ಅಂತರ ಇದ್ದರೆ ಅನುಮಾನ ಪಡಬೇಕು. ಇಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಪಿಸ್ಟನ್, ರಿಂಗ್ ಗಟ್ಟಿಮುಟ್ಟಾಗಿದ್ದವು. ಸಾವಿರಾರು ರೂಪಾಯಿಯ ಲೆಕ್ಕ ಅಲ್ಲಿಗೇ ಮುಗಿಯಿತು. ಮಾಮು ಗೇಜನ್ನು ಕೈಯಲ್ಲಿ ಹಿಡಿದು ಮತ್ತೆ ಮತ್ತೆ ನೋಡಿದರು.

ಎರಡನೆಯದು ಹೊರಗಿನ ಗಾಳಿ ಒಳಗೆ ಬರುವ ಸೋರಿಕೆ: ಕಾರ್ಬೊರೇಟರಿನ ಪ್ಯಾಕಿಂಗ್, ಕ್ರ್ಯಾಂಕಿನ ಸೀಲ್. ಹಾಗೆ ಗಾಳಿ ಹೆಚ್ಚಾದರೆ ಮಿಶ್ರಣ ತೆಳುವಾಗುತ್ತದೆ, ಪ್ಲಗ್ ಒಣಗಿ ಬಿಳಿಚಿಕೊಳ್ಳುತ್ತದೆ, ಎಂಜಿನ್ ವೇಗ ತಾನಾಗಿಯೇ ಏರಿಳಿಯುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಇದು ಅಪಾಯಕಾರಿ, ಯಾಕೆಂದರೆ ಎಣ್ಣೆ ಬರುವುದೂ ಇಂಧನದ ಜೊತೆಗೇ. ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅಬ್ಬ ಪ್ಯಾಕಿಂಗಿನ ಸುತ್ತ ಗ್ರೀಸ್ ಮೆತ್ತಿ ನೋಡಿದರು. ಸೋರಿಕೆ ಇದ್ದರೆ ಗ್ರೀಸ್ ಸ್ವಲ್ಪ ಹೊತ್ತು ಮುಚ್ಚಿ ಐಡ್ಲಿಂಗ್ ಸುಧಾರಿಸುತ್ತದೆ. (ಕೆಲವರು ಪೆಟ್ರೋಲ್ ಚಿಮುಕಿಸುತ್ತಾರೆ. ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಗೆ ಆಹ್ವಾನ.) ವ್ಯತ್ಯಾಸವಾಗಲಿಲ್ಲ. ನಮ್ಮ ಪ್ಲಗ್ ಒದ್ದೆಯಾಗಿದ್ದುದರಿಂದ ಇದು ಮೊದಲೇ ಅನುಮಾನದ ಪಟ್ಟಿಯ ಕೆಳಗಿತ್ತು.

ಉಳಿದದ್ದು ರೀಡ್ ವಾಲ್ವ್. ಅಬ್ಬ ಕಾರ್ಬೊರೇಟರಿನ ಮುಂದಿನ ಮುಚ್ಚಳ ತೆಗೆದು, ಎಂಜಿನ್ ಚಾಲೂ ಮಾಡಿ, ಬಾಯಿಯ ಎದುರು ಬಿಳಿ ಕಾಗದ ಹಿಡಿಯಲು ನನಗೆ ಹೇಳಿದರು. ಐಡ್ಲಿಂಗಿನಲ್ಲಿ ಕಾಗದದ ಮೇಲೆ ಇಂಧನದ ಸಣ್ಣ ಸಣ್ಣ ಹನಿ ಮೂಡಿತು. ಒಳಗೆ ಎಳೆದುಕೊಳ್ಳಬೇಕಾದ ಬಾಯಿ ಉಗುಳುತ್ತಿತ್ತು. ಆರ್‌ಎಕ್ಸ್ 100ರಲ್ಲಿ ಇದನ್ನು ನೋಡಿದ್ದೇನೆ ಎಂದು ಅಬ್ಬ ಆಗಲೇ ಸ್ಪ್ಯಾನರ್ ಎತ್ತಿಕೊಂಡರು.

ಬಿಚ್ಚಿದ ರೀಡ್ ತಟ್ಟೆಯನ್ನು ಬೆಳಕಿಗೆ ಹಿಡಿದೆವು. ಕೆಳಗಿನ ಸಿಲಿಂಡರಿನ ಎಸಳುಗಳು ಸರಿಯಾಗಿ ಕೂತಿದ್ದವು, ಬೆಳಕು ತೂರಲಿಲ್ಲ. ಮೇಲಿನದರಲ್ಲಿ ಒಂದು ಎಸಳು ಮೇಲೆದ್ದು ನಿಂತಿತ್ತು, ಬುಡದಲ್ಲಿ ಕೂದಲೆಳೆಯಂಥ ಬಿರುಕು. ಈಗ ಎಲ್ಲವೂ ಹೊಂದಿಕೊಂಡಿತು. ಈ ಎರಡು ಸಿಲಿಂಡರಿಗೆ ಕ್ರ್ಯಾಂಕ್‌ಕೇಸಿನ ಕೋಣೆ ಬೇರೆ ಬೇರೆ, ಆದ್ದರಿಂದ ಮೇಲಿನದು ಮಾತ್ರ ನರಳಿತು. ಎಸಳು ಮುಚ್ಚದ ಕಾರಣ ಮಿಶ್ರಣ ಸಿಲಿಂಡರಿಗೆ ಏರುವ ಬದಲು ಕಾರ್ಬೊರೇಟರಿಗೆ ವಾಪಸ್ಸಾಗುತ್ತಿತ್ತು. ಒಮ್ಮೆ ಇಂಧನ ಹೊತ್ತ ಗಾಳಿ ಮತ್ತೆ ಅದೇ ದಾರಿಯಲ್ಲಿ ಬಂದು ಎರಡನೆಯ ಸಲ ಇಂಧನ ಹೊರುತ್ತಿತ್ತು. ಅದಕ್ಕೇ ಮಿಶ್ರಣ ದಪ್ಪವಾಗಿ ಪ್ಲಗ್ ಒದ್ದೆ. ವೇಗದಲ್ಲಿ ವಾಪಸ್ಸಾಗಲು ಸಮಯವಿಲ್ಲ, ಅದಕ್ಕೇ ಅಲ್ಲಿ ಸರಿ.

ಎಸಳು ಉಕ್ಕಿನದು. ಬಿರುಕು ದೊಡ್ಡದಾಗಿ ಅದು ಮುರಿದಿದ್ದರೆ ತುಂಡು ನೇರವಾಗಿ ಕ್ರ್ಯಾಂಕ್‌ಕೇಸಿಗೆ, ಅಲ್ಲಿಂದ ಸಿಲಿಂಡರಿಗೆ ಹೋಗುತ್ತಿತ್ತು. ಐಡ್ಲ್ ಸ್ಕ್ರೂ ಏರಿಸಿ ಇನ್ನೂ ಕೆಲವು ವಾರ ಓಡಿಸಿದ್ದರೆ ಪಿಸ್ಟನ್ ಬಿಲ್ಲು ಹೇಗೂ ಬರುತ್ತಿತ್ತು, ಬಹುಶಃ ಅಳಿವೆಯ ನಡುವೆ. ಮಾಮು ಏನೂ ಹೇಳಲಿಲ್ಲ. ಎಸಳನ್ನು ಬೆರಳಿನಿಂದ ಒಮ್ಮೆ ಬಗ್ಗಿಸಿ ನೋಡಿ ಅಬ್ಬನ ಕೈಗೆ ಕೊಟ್ಟರು.

ಹೊಸ ರೀಡ್ ಉಡುಪಿಯಿಂದ ಮರುದಿನ ಬಂತು. ಹಳೆಯ ಎಸಳನ್ನು ತಿರುಗಿಸಿ ಹಾಕುವವರಿದ್ದಾರೆ, ಅಬ್ಬ ಒಪ್ಪಲಿಲ್ಲ. ಎರಡೂ ಕಡೆ ಹೊಸದು, ಹೊಸ ಪ್ಯಾಕಿಂಗ್. ಬಿಚ್ಚಿದ್ದೇ ಆಗಿದೆ ಎಂದು ಕಾರ್ಬೊರೇಟರನ್ನೂ ತೊಳೆದೆವು. ಜೆಟ್ಟಿನೊಳಗೆ ತಂತಿ ಹಾಕದೆ, ಗಾಳಿ ಹೊಡೆದು ಮಾತ್ರ. ತಂತಿ ಹಾಕಿದರೆ ತೂತು ಅಗಲವಾಗುತ್ತದೆ. ನನ್ನ ಸಮಾಧಾನಕ್ಕೆ ಹೇಳುತ್ತೇನೆ, ಪೈಲಟ್ ಜೆಟ್ಟಿನಲ್ಲಿ ಸ್ವಲ್ಪ ಅಂಟು ಇದ್ದೇ ಇತ್ತು.

ಎಂಜಿನ್ ಬಿಸಿಯಾದ ಮೇಲೆ ಅಬ್ಬ ಏರಿಸಿಟ್ಟಿದ್ದ ಐಡ್ಲ್ ಸ್ಕ್ರೂವನ್ನು ಹಿಂದಕ್ಕೆ ತಂದರು. ಕಾಲು ಸುತ್ತು, ಕೇಳುವುದು, ಮತ್ತೆ ಕಾಲು ಸುತ್ತು. ಮಿಶ್ರಣದ ಸ್ಕ್ರೂ ನನ್ನ ಕೈಗೇ ಕೊಟ್ಟರು. ಈ ಸಲ ಎಣಿಸಿಕೊಂಡೇ ತಿರುಗಿಸಿದೆ. ಟೂ-ಸ್ಟ್ರೋಕ್ ಐಡ್ಲಿಂಗ್ ಫೋರ್-ಸ್ಟ್ರೋಕ್‌ನಷ್ಟು ನಯವಾಗುವುದಿಲ್ಲ. ಸುಟ್ಟ ಹೊಗೆ ಸ್ವಲ್ಪ ಒಳಗೇ ಉಳಿದು ಆಗಾಗ ಒಂದು ಬಡಿತ ತಪ್ಪುತ್ತದೆ. ಯೆಜ್ಡಿಯ ಸದ್ದು ಕೇಳಿದವರಿಗೆ ಇದು ಗೊತ್ತು. ಅಷ್ಟನ್ನು ಬಿಟ್ಟು ಎಂಜಿನ್ ನಿಂತ ಜಾಗದಲ್ಲಿ ನಿಂತು ಓಡಿತು. ಡ್ರಮ್ಮಿನ ನೀರು ಅಲುಗುತ್ತಿತ್ತು, ಅಡ್ಡಪಟ್ಟಿ ಕುಣಿಯಲಿಲ್ಲ. ಸಂಜೆ ದೋಣಿಗೆ ಕಟ್ಟಿ, ಪ್ರೊಪೆಲ್ಲರ್ ಹಾಕಿ, ನದಿಯಲ್ಲಿ ಗೇರ್ ಹಾಕಿ ಇಳಿಸಿ ಇಪ್ಪತ್ತು ಸಲ ಪರೀಕ್ಷಿಸಿದೆವು. ಒಮ್ಮೆಯೂ ಸಾಯಲಿಲ್ಲ.

ಬಿರುಕು ಬಿಟ್ಟ ಎಸಳನ್ನು ನಾನು ತಂದಿದ್ದೇನೆ. ಭೌತಶಾಸ್ತ್ರ ಉಪನ್ಯಾಸಕರ ಅನುಮತಿಯಿಂದ ಅದು ಈಗ ನಮ್ಮ ಪ್ರಯೋಗಾಲಯದ ಕಿಟಕಿಯ ಬಳಿಯ ಗಾಜಿನ ಪೆಟ್ಟಿಗೆಯಲ್ಲಿದೆ. ಬಿರುಕು ಹಾಗೇ ನೋಡಿದರೆ ಕಾಣುವುದಿಲ್ಲ, ಬೆಳಕಿಗೆ ಅಡ್ಡ ಹಿಡಿದು ಸ್ವಲ್ಪ ಬಗ್ಗಿಸಿ ನೋಡಿ. ಜೋರಾಗಿ ಬಗ್ಗಿಸಬೇಡಿ, ಮುರಿದೀತು.